ಸರದಿಯಲ್ಲಿ ಒಂದು ಸಂಸಾರ

ಪರದೇಶಕ್ಕೆ ಹೊರಡುವವನು ಮನೆಯ ಹಿರಿಯರಿಗೆ ಹೇಳುವ ಮೊದಲ ಮಾತು, "ನಾಲ್ಕಾರು ವರ್ಷ ನೋಡೋಣ" ಎಂಬುದು. ಈ ಮಾತಿನಲ್ಲಿ ಸುಳ್ಳಿಲ್ಲ. ನಿಜವೂ ಪೂರ್ತಿಯಾಗಿ ಇಲ್ಲ. ಅಮೆರಿಕದ ಕಾನೂನು ಈ ಇಬ್ಬಗೆಯ ಮನಸ್ಸನ್ನು ಚೆನ್ನಾಗಿ ಬಲ್ಲದು. ಗಣಕಯಂತ್ರದ ಕೆಲಸ ಮೊದಲಾದ ವಿಶೇಷ ವಿದ್ಯೆಯ ಉದ್ಯೋಗಗಳಿಗೆ ಅದು ಕೊಡುವ ಎಚ್-1ಬಿ ಎಂಬ ಪರವಾನಗಿ ತಾತ್ಕಾಲಿಕವಾದದ್ದು. ಮೂರು ವರ್ಷ, ಮತ್ತೆ ಮೂರು ವರ್ಷ. ಆದರೂ ಅದನ್ನು ಪಡೆದವನು ಅಲ್ಲಿಯೇ ನೆಲಸಲು ಬಯಸಿದರೆ ದೋಷವಲ್ಲವೆಂದು 1990ರ ಶಾಸನ ಒಪ್ಪಿಕೊಂಡಿತು. ಹೋಗುತ್ತೇನೆ ಎನ್ನಬಹುದು, ಇರುತ್ತೇನೆ ಎಂದೂ ಅನ್ನಬಹುದು.

ಮೈಸೂರಿನ ಸಂಸಾರವೊಂದು ಇಂತಹ ಪರವಾನಗಿಯ ಮೇಲೆ 2010ರ ಆಗಸ್ಟ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರವನ್ನು ಸೇರಿತು: ಯಜಮಾನರು, ಅವರ ಪತ್ನಿ, ಎಂಟು ವರ್ಷದ ಮಗಳು. ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ಆ ತಾಯಿಗೆ ಅಲ್ಲಿ ದುಡಿಯುವ ಹಕ್ಕಿರಲಿಲ್ಲ. ಗಂಡನ ಖಾಯಂ ವಾಸದ ಮನವಿ ಮಂಜೂರಾಗಿದ್ದರೆ ಹೆಂಡತಿಯೂ ದುಡಿಯಬಹುದೆಂಬ ನಿಯಮ ಬಂದದ್ದು 2015ರಲ್ಲಿ. ಅಷ್ಟರಲ್ಲಿ ಐದು ವರ್ಷ ಒಲೆಯ ಮುಂದೆ ಕಳೆದಿದ್ದವು. 2013ರಲ್ಲಿ ಹುಟ್ಟಿದ ಮಗನೋ, ಹುಟ್ಟಿದ ಗಳಿಗೆಯಿಂದಲೇ ಆ ದೇಶದ ಪ್ರಜೆ. ಒಂದೇ ಪಂಕ್ತಿಯಲ್ಲಿ ಉಣ್ಣುವ ನಾಲ್ವರಿಗೆ ಮೂರು ಬಗೆಯ ಕಾಗದಪತ್ರ!

ಯಜಮಾನರ ಪರವಾಗಿ ಅವರ ಕಂಪೆನಿ ಅರ್ಜಿ ಹಾಕಿದ್ದು 2015ರ ಫೆಬ್ರವರಿಯಲ್ಲಿ. ಆ ದಿನಾಂಕವೇ ಸರದಿಯಲ್ಲಿ ಅವರ ಸ್ಥಾನ. ಉದ್ಯೋಗದ ಮೂಲಕ ಖಾಯಂ ವಾಸ ಬಯಸುವವರಿಗೆ ಆ ದೇಶ ವರ್ಷಕ್ಕೆ ಸುಮಾರು 1,40,000 ಹಸುರು ಚೀಟಿಗಳನ್ನು ಇಟ್ಟಿದೆ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ನೂರಕ್ಕೆ ಏಳಕ್ಕಿಂತ ಹೆಚ್ಚು ಸಲ್ಲದು. ಹೆಂಡತಿಮಕ್ಕಳೂ ಅದೇ ಲೆಕ್ಕಕ್ಕೆ ಸೇರುತ್ತಾರೆ. ಐಸ್‌ಲೆಂಡಿಗೂ ಏಳು, ಭಾರತಕ್ಕೂ ಏಳು. ಸಮತೆಯಲ್ಲಿ ಇದೂ ಒಂದು ಬಗೆಯಿರಬೇಕು. 1946ರಲ್ಲಿ ಇಡೀ ಭಾರತಕ್ಕೆ ವರ್ಷಕ್ಕೆ ನೂರು ಮಂದಿ ಎಂದು ಗೊತ್ತುಮಾಡಿದ್ದ ರಾಜ್ಯವದು ಎಂಬುದನ್ನು ನೆನೆದರೆ ದೂರಲೂ ಬಾಯಿ ಬರುವುದಿಲ್ಲ.

ಯಾವ ದಿನಾಂಕದವರೆಗಿನ ಅರ್ಜಿಗಳಿಗೆ ಸರದಿ ಬಂದಿದೆಯೆಂಬ ಪಟ್ಟಿಯನ್ನು ಅಲ್ಲಿಯ ಸರ್ಕಾರ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ಯುಗಾದಿಯ ದಿನವೂ ಪಂಚಾಂಗ ತೆರೆಯದ ಯಜಮಾನರು ಈ ಪಟ್ಟಿಯನ್ನು ಒಂದು ತಿಂಗಳೂ ತಪ್ಪಿಸಿದವರಲ್ಲ. ಗ್ರಹಗಳಂತೆ ಈ ದಿನಾಂಕಗಳಿಗೂ ವಕ್ರಗತಿಯುಂಟು. 2022ರ ಬೇಸಗೆಯಲ್ಲಿ ಭಾರತೀಯರ ಎರಡನೆಯ ವರ್ಗದ ದಿನಾಂಕ 2014ರ ಡಿಸೆಂಬರ್ 1ಕ್ಕೆ ಬಂದು ನಿಂತಿತು. ಇನ್ನು ಎರಡೂವರೆ ತಿಂಗಳಷ್ಟು ಮುಂದೆ ಸರಿದಿದ್ದರೆ ಇವರ ಬಾಗಿಲು! ಆ ಮನೆಯಲ್ಲಿ ಅಂದು ಪಾಯಸವಾಯಿತು. ಅಕ್ಟೋಬರಿನ ಪಟ್ಟಿಯಲ್ಲಿ ದಿನಾಂಕ 2012ರ ಏಪ್ರಿಲಿಗೆ ಹಿಂದೆ ಸರಿಯಿತು. 2023ರ ಏಪ್ರಿಲಿನಲ್ಲಿ 2011ರ ಜನವರಿಗೆ.

ತಂದೆಗೆ ಇದರಿಂದ ನಷ್ಟವಾಗಲಿಲ್ಲ. ಮನವಿ ಮಂಜೂರಾಗಿದ್ದರಿಂದ ಆರು ವರ್ಷದ ಮಿತಿ ಕಳೆದರೂ ಪರವಾನಗಿ ಮೂರು ಮೂರು ವರ್ಷ ಬೆಳೆಯುತ್ತಿತ್ತು. ಕೆಲಸ ಹೋದರೆ ಮಾತ್ರ 60 ದಿನಗಳೊಳಗೆ ಬೇರೆ ಕೆಲಸ ಹಿಡಿಯಬೇಕು, ಇಲ್ಲವೆ ಗಂಟು ಕಟ್ಟಬೇಕು. ಅದಕ್ಕೆಂದೇ ಏನೋ, ಆ ಮನೆಯ ಕರಿಬೇವಿನ ಗಿಡ ಕುಂಡದಿಂದ ನೆಲಕ್ಕೆ ಇಳಿಯಲೇ ಇಲ್ಲ. ಆದರೆ ಮಗಳು ಬೆಳೆದಿದ್ದಳು. ತಂದೆಯ ಅರ್ಜಿಯ ನೆರಳಿನಲ್ಲಿ ಮಕ್ಕಳು ನಿಲ್ಲಬಹುದಾದದ್ದು 21 ತುಂಬುವವರೆಗೆ ಮಾತ್ರ. ಮನವಿ ವಿಚಾರಣೆಯಲ್ಲಿದ್ದ ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆಯಬಹುದೆಂದು 2002ರ ಶಾಸನವೊಂದು ಹೇಳುತ್ತದೆ. ಆದರೆ 2015ರಲ್ಲಿ ಹೆಚ್ಚಿನ ಶುಲ್ಕ ಕಟ್ಟಿಸಿ ಹದಿನೈದು ದಿನಗಳೊಳಗೆ ಮಂಜೂರು ಮಾಡಿಸಿದ್ದರು. ತಡವಾಗಿದ್ದರೆ ಮಗಳಿಗೆ ತಿಂಗಳುಗಳು ಉಳಿಯುತ್ತಿದ್ದವು. ಆತುರ ಉಳಿಸಿದ್ದು ಕೆಲವೇ ದಿನ.

2023ರ ಜೂನ್ ತಿಂಗಳಲ್ಲಿ ಅವಳಿಗೆ 21 ತುಂಬಿತು. ಓದು ಮುಗಿಸಲು ವಿದ್ಯಾರ್ಥಿಯ ಪರವಾನಗಿ ಬೇಕಾಯಿತು. ತಂದೆಗೆ ಎರಡು ಮನಸ್ಸನ್ನು ಅನುಮತಿಸಿದ ಕಾನೂನು ವಿದ್ಯಾರ್ಥಿಗೆ ಒಂದನ್ನೇ ಅನುಮತಿಸುತ್ತದೆ: ತನ್ನ ಮನೆ ಪರದೇಶದಲ್ಲಿದೆ, ಅದನ್ನು ಬಿಡುವ ಉದ್ದೇಶವಿಲ್ಲ, ಓದು ಮುಗಿದೊಡನೆ ಅಲ್ಲಿಗೆ ಹಿಂದಿರುಗುವೆನು ಎಂದು ಆಕೆ ತೋರಿಸಿಕೊಡಬೇಕು. ಹದಿಮೂರು ವರ್ಷ ಒಂದೇ ಊರಿನಲ್ಲಿ ಬೆಳೆದು, ಕನ್ನಡವನ್ನು ಕೇಳಬಲ್ಲವಳಾಗಿ ಓದಲಾರದವಳಾದ ಹುಡುಗಿ ಯಾವ ಮನೆಯನ್ನು ತೋರಿಸಬೇಕು? ತಮ್ಮನೂ ಸಹಾಯ ಮಾಡಲಾರ. ಅವನು 2034ರಲ್ಲಿ 21 ತುಂಬಿದ ಮೇಲೆ ತಂದೆತಾಯಿಗಳಿಗಾಗಿ ಅರ್ಜಿ ಹಾಕಬಹುದು. ಅಕ್ಕನಿಗಾಗಿ ಹಾಕಿದರೆ ಅದು ಇನ್ನೊಂದು ಸರದಿ.

ಕೊನೆಗೆ ಲಕ್ಷ್ಮೀಪುರಂನ ಅಜ್ಜಿಯ ಮನೆಯ ವಿಳಾಸವನ್ನು ಬರೆದದ್ದಾಯಿತು. ಅವಳು ಆ ಮನೆಗೆ ಹೋಗಿದ್ದುದು ಈ ಹದಿಮೂರು ವರ್ಷಗಳಲ್ಲಿ ಮೂರು ಸಲ. ಮನೆಯ ನಂಬರನ್ನು ತಂದೆ ಹೇಳಿ ಬರೆಸಿದರು. ಆ ಭಾನುವಾರ ಎಂದಿನಂತೆ ತಾಯಿಯೊಡನೆ ಫೋನಿನಲ್ಲಿ ಮಾತನಾಡುವಾಗ, ಮೊಮ್ಮಗಳು ಸರ್ಕಾರದ ಕಾಗದದಲ್ಲಿ ನಿಮ್ಮ ಮನೆಯನ್ನೇ ತನ್ನ ಮನೆಯೆಂದು ಬರೆದಿದ್ದಾಳಮ್ಮ, ಎಂದು ನಗುತ್ತ ತಿಳಿಸಿದರು. ಮುದುಕಿಗೆ ಬಹಳ ಸಂತೋಷವಾಯಿತು. ಮಹಡಿಯ ಕೋಣೆಗೆ ಸುಣ್ಣ ಹೊಡೆಸುವುದಾಗಿ ಹೇಳಿ, "ಹಾಗಾದರೆ ಮಗು ಯಾವಾಗ ಬರುತ್ತಾಳಪ್ಪ?" ಎಂದು ಕೇಳಿದರು.