ಬೇಸಿಗೆಯಲ್ಲಿ ಬಿತ್ತಿದ ಸಬ್ಬಸಿಗೆ

ಬಾಣಂತಿಗೆ ಹಾಲು ಹೆಚ್ಚಲಿ ಎಂದು ಸಬ್ಬಸಿಗೆ ಸೊಪ್ಪು ಉಣಿಸುವುದು ನಮ್ಮ ಕಡೆಯ ರೂಢಿ. ಮಗಳು ಹೆರಿಗೆಗೆ ಬಂದಾಗ ಅದನ್ನು ಹಿತ್ತಲಲ್ಲೇ ಬೆಳೆದು ಕೊಡಬೇಕೆಂದು ಹಠ ಹಿಡಿದೆ. ಸಂತೆಯ ಸೊಪ್ಪಿಗೆ ಯಾವ ಔಷಧಿ ಹೊಡೆದಿರುತ್ತಾರೋ ಎಂಬ ಭಯ. ಯುಗಾದಿ ಆಗಲೇ ಕಳೆದಿತ್ತು. ಶ್ರೀನಿವಾಸಪುರದಲ್ಲಿ ಮಾವಿನ ಕಾಯಿ ದಪ್ಪವಾಗುವ ಆ ದಿನಗಳಲ್ಲಿ ಮಧ್ಯಾಹ್ನದ ಕೆಂಪು ಮಣ್ಣು ಕಾದ ಹೆಂಚಿನಂತಿರುತ್ತದೆ.

“ಅದು ಚಳಿಗಾಲದ ಸೊಪ್ಪು ಕಣಮ್ಮ, ಬಿಸಿಲಿಗೆ ನಿಲ್ಲಲ್ಲ” ಎಂದು ಅತ್ತೆ ಮೊದಲೇ ಹೇಳಿದ್ದರು. ನಾನು ಕೇಳಲಿಲ್ಲ. ಟ್ರೇನಲ್ಲಿ ಸಸಿ ಮಾಡಿ ಮಡಿಗೆ ನೆಟ್ಟೆ. ಸಬ್ಬಸಿಗೆಯ ತಾಯಿಬೇರು ನೇರ ಕೆಳಗಿಳಿಯುವಂಥದ್ದು, ಕಿತ್ತು ನೆಟ್ಟರೆ ಸಹಿಸದು. ಬಹಳಷ್ಟು ಬಾಡಿದವು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು. ಟ್ಯಾಂಕರ್ ಬಂದ ದಿನ ಮಡಿ ತುಂಬಾ ನೀರು, ಬಾರದ ದಿನ ಒಣಮಣ್ಣು. ಉಳಿದ ಗಿಡಗಳು ಗೇಣುದ್ದ ಆಗುವಷ್ಟರಲ್ಲೇ ದಂಟು ಎತ್ತಿ, ಹಳದಿ ಹೂವಿನ ಕೊಡೆ ಬಿಚ್ಚಿದವು.

ಹೂ ಚಿವುಟಿದರೆ ಎಲೆ ಒಡೆಯುತ್ತದೆಂದು ನಂಬಿ ದಿನವೂ ಚಿವುಟಿದೆ. ಒಡೆಯಲಿಲ್ಲ. ಹಗಲು ಉದ್ದವಾಗಿ, ಸೆಕೆ ಏರಿ, ನೀರು ತಪ್ಪಿದರೆ ಈ ಗಿಡ ಎಲೆ ಬಿಟ್ಟು ಬೀಜದ ಕಡೆ ತಿರುಗುತ್ತದೆ. ಒಮ್ಮೆ ತಿರುಗಿದ ಮೇಲೆ ಹಿಂದಕ್ಕೆ ಬಾರದು. ಆ ಬಾಣಂತನದಲ್ಲಿ ಮಗಳ ತಟ್ಟೆಗೆ ನನ್ನ ಹಿತ್ತಲಿನ ಸೊಪ್ಪು ಒಂದು ದಿನವೂ ಬೀಳಲಿಲ್ಲ. ಆ ನೋವು ಇನ್ನೂ ಇದೆ.

ಈಗ ಬಿತ್ತುವುದು ಕಾರ್ತಿಕದಲ್ಲಿ, ನೇರ ಮಡಿಗೇ. ಮಣ್ಣು ಸಡಿಲಿಸಿ ಬೀಜ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು, ಆಳಕ್ಕೆ ಹೋದರೆ ಮೊಳಕೆ ಬಾರದು. ಸುಮಾರು 40 ದಿನಕ್ಕೆ ಸೊಪ್ಪು ಸಿಗುತ್ತದೆ. ಬೇರುಸಮೇತ ಕೀಳದೆ, ಸುಳಿ ಬಿಟ್ಟು ಹೊರಗಿನ ದಂಟು ಮುರಿಯುತ್ತೇನೆ. ಸೊಗಡಿನ ಅವರೆಕಾಯಿ ಬರುವ ಕಾಲವೂ ಅದೇ. ಅವರೆಕಾಳು, ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿಯ ಘಮ ಬೇರೆ ಯಾವುದಕ್ಕೂ ಇಲ್ಲ. ಕೊನೆಗೆ ಬರುವ ಎಳೆ ಹೂವನ್ನೂ ಎಸೆಯುವುದಿಲ್ಲ, ರೊಟ್ಟಿ ಹಿಟ್ಟಿಗೇ ಸೇರಿಸುತ್ತೇನೆ. ಯೂರೋಪಿನಲ್ಲಿ ಸೌತೆಕಾಯಿ ಉಪ್ಪಿನಕಾಯಿಗೆ ಇದೇ ಹೂಗೊಂಚಲು ಹಾಕುತ್ತಾರೆ. ಒಂದೆರಡು ಗಿಡ ಮಾತ್ರ ಮುಟ್ಟುವುದಿಲ್ಲ: ಜೇನು ಬರಲಿ, ಬೀಜ ಕಂದಾಗಲಿ, ಮುಂದಿನ ಸಲಕ್ಕೆ ಅದೇ ಬೀಜ.

ನಿಮ್ಮ ಮನೆಯ ಬಾಣಂತನ ಬೇಸಿಗೆಯಲ್ಲಿ ಬಂದರೆ ಸೊಪ್ಪನ್ನು ಸಂತೆಯಿಂದಲೇ ತಂದು ಚೆನ್ನಾಗಿ ತೊಳೆದು ಕೊಡಿ. ಹಿತ್ತಲಲ್ಲೇ ಬೆಳೆಯಬೇಕೆಂದರೆ ದೀಪಾವಳಿಯವರೆಗೆ ಕಾಯಿರಿ.