ಕೂಡಿದಷ್ಟೇ ಕಳೆಯುವ ಅಲೆ

2025 ಜುಲೈ 12, ಶನಿವಾರ

ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೋ ಹತ್ತಿ ನೇರ ಚಿಕ್ಕಪೇಟೆಗೆ ಹೋದೆ. ಮಾಮೂಲ್‌ಪೇಟೆಯ ದಾರದಂಗಡಿಯಲ್ಲಿ ಹನ್ನೊಂದು ಗಂಟೆಗೇ ಕಾಲಿಡಲು ಜಾಗವಿರಲಿಲ್ಲ. ವರಮಹಾಲಕ್ಷ್ಮಿ ಹತ್ತಿರ ಬಂತು, ಕುಚ್ಚು ಹಾಕುವ ಹೆಂಗಸರೆಲ್ಲ ರೇಷ್ಮೆ ದಾರಕ್ಕೂ ಮಣಿಗೂ ಮುಗಿಬಿದ್ದಿದ್ದರು. ನನಗೆ ಬೇಕಿದ್ದದ್ದು ಹತ್ತಿ ದಾರ. ಮಗಳಿಗೆ ನವೆಂಬರ್‌ಗೆ ದಿನ ತುಂಬುತ್ತದೆ. ಮಗುವಿಗೆ ಬಣ್ಣಬಣ್ಣದ ಅಲೆಗಳಿರುವ ಕ್ರೋಶಾ ಹೊದಿಕೆ ಹಾಕಿಕೊಡಬೇಕೆಂದು ಆಷಾಢ ಹುಟ್ಟಿದಾಗಲೇ ಮನಸ್ಸಿಗೆ ಬಂದಿತ್ತು.

ಅಕ್ರಿಲಿಕ್ ಅಗ್ಗ, ಹಗುರ, ಬಣ್ಣಗಳೂ ಬೇಕಾದಷ್ಟು. ಆದರೆ ಬೆವರು ಹೀರುವುದಿಲ್ಲ, ಬೆಂಕಿಯ ಬಿಸಿ ತಾಗಿದರೆ ಕರಗುತ್ತದೆ. ಉಣ್ಣೆ ಬಿಸಿನೀರಿಗೆ ಬಿದ್ದರೆ ಕುಗ್ಗಿ ಗಟ್ಟಿಯಾಗುತ್ತದೆ, ಬಾಣಂತಿ ಇರುವ ಮನೆಯಲ್ಲಿ ಬಿಸಿನೀರಿನ ಒಗೆತ ತಪ್ಪಿದ್ದಲ್ಲ. ಹತ್ತಿ ಸ್ವಲ್ಪ ಭಾರವಾದರೂ ಮಗುವಿನ ಮೈಗೆ ಅದೇ ಸರಿ.

ಬಣ್ಣಗಳನ್ನು ಸೀರೆಯಂಗಡಿಯ ಹೆಸರಿನಲ್ಲೇ ಕೇಳಿದೆ: ಈರುಳ್ಳಿ ಸಿಪ್ಪೆ, ಗಿಳಿಹಸಿರು, ಅರಿಶಿನ, ಕನಕಾಂಬರ, ಎಂ.ಎಸ್. ಸುಬ್ಬುಲಕ್ಷ್ಮಿಯವರ ಸೀರೆಯಿಂದ ಹೆಸರಾದ ಎಂ.ಎಸ್. ನೀಲಿ, ಜೊತೆಗೆ ಕೆನೆ. ಅಂಗಡಿಯ ಹುಡುಗ ತಡವರಿಸದೆ ಒಂದೊಂದೇ ಉಂಡೆ ತೆಗೆದಿಟ್ಟ. ಗಾಢ ಬಣ್ಣ ಎರಡು ಒಟ್ಟಿಗೆ ಬಂದರೆ ಅಲೆಯ ಗೆರೆ ಮುಚ್ಚಿಹೋಗುತ್ತದೆ. ಅದಕ್ಕೇ ನಡುನಡುವೆ ಕೆನೆ.

ಜುಲೈ 16, ಬುಧವಾರ

ಕನಕಾಂಬರದ ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿದೆ. ಬಣ್ಣ ಬಿಡಲಿಲ್ಲ. ಆಮೇಲೆ 4 ಮಿ.ಮೀ. ಕಡ್ಡಿಯಲ್ಲಿ ಮಾದರಿ ತುಂಡು ಹಾಕಿದೆ.

ಒಂದು ಅಲೆಗೆ 12 ಹೊಲಿಗೆ. ಮೂರು ಡಬಲ್ ಕ್ರೋಶಾ ನೇರವಾಗಿ. ಆಮೇಲೆ ಎರಡನ್ನು ಸೇರಿಸಿ ಒಂದು, ಇನ್ನೆರಡನ್ನು ಸೇರಿಸಿ ಇನ್ನೊಂದು. ಅಲ್ಲಿ ಸಾಲು ತಗ್ಗಿಗೆ ಇಳಿಯುತ್ತದೆ. ಮತ್ತೆ ಮೂರು ನೇರ. ಆಮೇಲೆ ಒಂದೇ ಹೊಲಿಗೆಯೊಳಗೆ ಎರಡು, ಪಕ್ಕದ್ದರಲ್ಲೂ ಎರಡು. ಅಲ್ಲಿ ಸಾಲು ಗುಡ್ಡವಾಗಿ ಏಳುತ್ತದೆ. ತಗ್ಗಿನಲ್ಲಿ ಎರಡು ಕಳೆಯಿತು, ಗುಡ್ಡದಲ್ಲಿ ಎರಡು ಕೂಡಿತು. ಹನ್ನೆರಡರ ಮೇಲೆ ಹನ್ನೆರಡೇ ಉಳಿಯಿತು. ಎರಡೂ ಅಂಚಿಗೆ ಅರ್ಧರ್ಧ ಗುಡ್ಡ ಬರಬೇಕು, ಅಂದರೆ ಮೊದಲ ಹೊಲಿಗೆಯಲ್ಲಿ ಎರಡು, ಕೊನೆಯದರಲ್ಲಿ ಎರಡು. ಆಗ ಬಟ್ಟೆಯ ಬದಿ ನೆಟ್ಟಗೆ ನಿಲ್ಲುತ್ತದೆ.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವಾಗ ಸಮೀಕರಣದ ಎರಡೂ ಬದಿ ಸಮವಿರಬೇಕು ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಬರೆದಿದ್ದೇನೋ! ಅದನ್ನು ಬೆರಳಿನಿಂದ ಮುಟ್ಟಿ ನೋಡಬಹುದು ಎನ್ನುವ ಸಂತೋಷ ಈ ಕಡ್ಡಿಯದು. ಒಂದೇ ಒಂದು ಸಾಲಿನಲ್ಲಿ ಲೆಕ್ಕ ತಪ್ಪಲಿ, ಅದರ ಮೇಲಿನ ಸಾಲುಗಳೆಲ್ಲ ಅದನ್ನು ಹೇಳಿಬಿಡುತ್ತವೆ.

ತುಂಡನ್ನು ಒಗೆದು, ನೆರಳಲ್ಲಿ ಒಣಗಿಸಿ ಅಳೆದೆ. 24 ಹೊಲಿಗೆಗೆ 5 ಇಂಚು. ಹೊದಿಕೆಗೆ 30 ಇಂಚು ಅಗಲ ಬೇಕು, ಹಾಗಾದರೆ 144 ಹೊಲಿಗೆ, 12 ಅಲೆ.

ಜುಲೈ 20, ಭಾನುವಾರ

ಮೇಲ್ಮನೆಯ ಹುಡುಗಿ ತಾನು ಶುರುಮಾಡಿದ್ದ ತುಂಡನ್ನು ಹಿಡಿದು ಬಂದಳು. ಈ ವರ್ಷ ಒಂಬತ್ತನೆಯ ತರಗತಿ. “ಅಜ್ಜಿ, ಎಣಿಸಿಕೊಂಡೇ ಹಾಕಿದ್ದೀನಿ, ಆದ್ರೂ ಮೇಲೆ ಹೋಗ್ತಾ ಹೋಗ್ತಾ ಸಣ್ಣ ಆಗ್ತಿದೆ” ಎಂದಳು. ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಸಾಲಿನ ಆರಂಭದಲ್ಲಿ ಎತ್ತರಕ್ಕೆಂದು ಹಾಕುವ ಮೂರು ಚೈನ್ ಕೂಡ ಒಂದು ಹೊಲಿಗೆಯೇ. ಮರಳಿ ಬರುವಾಗ ಅದು ಅಂಚಿಗೆ ಮುದುಡಿಕೊಂಡು ಕೂತಿರುತ್ತದೆ, ಹೊಲಿಗೆಯೆಂದು ಕಣ್ಣಿಗೆ ಕಾಣುವುದಿಲ್ಲ. ಉಗುರಿನಿಂದ ಸ್ವಲ್ಪ ಹೊರಗೆಳೆದರೆ ಮೂರನೆಯ ಚೈನ್‌ನ ಕುಣಿಕೆ ತೆರೆದುಕೊಳ್ಳುತ್ತದೆ. ಕೊನೆಯ ಜೋಡಿ ಬೀಳಬೇಕಾದದ್ದು ಅಲ್ಲಿ. ಪ್ರತಿ ಸಾಲಿನ ಮೊದಲ ಹೊಲಿಗೆಗೆ ಒಂದು ಪಿನ್ನು ಸಿಕ್ಕಿಸಿಕೋ, ಮರಳಿ ಬಂದಾಗ ಪಿನ್ನೇ ಕರೆದು ಹೇಳುತ್ತದೆ ಎಂದೆ. ಅಲ್ಲೇ ಕೂತು ಬಿಚ್ಚಿ ಮತ್ತೆ ಹಾಕಿದಳು.

“ಕಳೆಯೋದೇ ಬೇಡ, ಬರೀ ಕೂಡ್ತಾ ಹೋದ್ರೆ?” ಎಂದು ಕೇಳಿದಳು. ಎಂಥ ಒಳ್ಳೆಯ ಪ್ರಶ್ನೆ! ಲಾಟ್ವಿಯಾದಲ್ಲಿ ಹುಟ್ಟಿದ ಗಣಿತಜ್ಞೆ ಡೈನಾ ಟೈಮಿನಾ ಅವರ ವಿಷಯ ಹೇಳಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1997ರಲ್ಲಿ ಅವರು ಮಾಡಿದ್ದು ಇದನ್ನೇ. ಇಂತಿಷ್ಟು ಹೊಲಿಗೆಗೆ ಒಂದರಂತೆ ಎಲ್ಲ ಸಾಲಿನಲ್ಲೂ ಕೂಡಿಸುತ್ತಾ ಹೋಗಿ, ಕಾಗದದಲ್ಲಿ ಮಾಡಿದರೆ ಬೇಗ ಹರಿದುಹೋಗುತ್ತಿದ್ದ ಹೈಪರ್ಬೋಲಿಕ್ ಸಮತಲವನ್ನು ದಾರದಲ್ಲಿ ನಿಲ್ಲಿಸಿದರು. ನಾವಿಬ್ಬರೂ ಚಿಕ್ಕದೊಂದು ಹಾಕಿ ನೋಡಿದೆವು. ಕೆಲವೇ ಸುತ್ತಿಗೆ ಅದು ಕೋಳಿಜುಟ್ಟಿನ ಹೂವಿನ ಹಾಗೆ ನೆರಿಗೆ ನೆರಿಗೆಯಾಗಿ ಎದ್ದಿತು, ಏನು ಮಾಡಿದರೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಲಿಲ್ಲ. ಅವಳ ಪಠ್ಯದಲ್ಲಿ ಈ ವರ್ಷ ಯೂಕ್ಲಿಡ್‌ನ ಪಾಠವಿದೆ. ಅವನ ಐದನೆಯ ಆಧಾರ ಪ್ರತಿಜ್ಞೆ ಈ ನೆರಿಗೆಯ ಮೇಲೆ ನಡೆಯುವುದಿಲ್ಲ, ಇಲ್ಲಿ ಒಂದು ಬಿಂದುವಿನ ಮೂಲಕ ಕೊಟ್ಟ ರೇಖೆಯನ್ನು ಸಂಧಿಸದ ರೇಖೆಗಳು ಒಂದಲ್ಲ, ಬೇಕಾದಷ್ಟು ಎಂದೆ. ಪುಸ್ತಕ ತರಲು ಮೇಲೆ ಓಡಿದಳು.

ಜುಲೈ 24, ಗುರುವಾರ. ಭೀಮನ ಅಮಾವಾಸ್ಯೆ

ಪೂಜೆ, ಅಡುಗೆ ಮುಗಿಸಿ ಮಧ್ಯಾಹ್ನ ಕಡ್ಡಿ ಹಿಡಿದೆ. ಬಣ್ಣ ಬದಲಿಸುವ ಜಾಗ ನೆನಪಿಗೆ ಬರೆದಿಡುತ್ತೇನೆ: ಸಾಲಿನ ಕೊನೆಯ ಡಬಲ್ ಕ್ರೋಶಾವನ್ನು ಪೂರ್ತಿ ಮುಗಿಸಬಾರದು. ಕಡ್ಡಿಯ ಮೇಲೆ ಎರಡು ಕುಣಿಕೆ ಉಳಿದಾಗ ಹಳೆಯ ದಾರ ಬಿಟ್ಟು ಹೊಸದನ್ನು ಎಳೆಯಬೇಕು. ಮುಗಿಸಿ ಬದಲಿಸಿದರೆ ಹಳೆಯ ಬಣ್ಣದ ಚುಕ್ಕೆಯೊಂದು ಹೊಸ ಸಾಲಿನ ಮೂಲೆಯಲ್ಲಿ ಇಣುಕುತ್ತದೆ. ಉಳಿದ ಬಾಲಗಳನ್ನು ಆಮೇಲೆ ಸೂಜಿಯಲ್ಲಿ ಒಳಸೇರಿಸುವ ಬದಲು ಆಗಲೇ ಹೊಲಿಗೆಗಳ ಒಳಗೆ ಮುಚ್ಚುತ್ತಾ ಹೋಗುವುದು ಲೇಸು.

ಅಲೆಯಲ್ಲಿ ಎರಡು ಜಾತಿ. ನಾನು ಹಾಕುತ್ತಿರುವುದರಲ್ಲಿ ಕೂಡಿ ಕಳೆದು ಇಡೀ ಸಾಲೇ ಬಾಗುತ್ತದೆ, ಬಟ್ಟೆಯ ಕೆಳತುದಿ ಮೇಲ್ತುದಿಗಳೂ ಅಲೆಯಾಗುತ್ತವೆ. ಇನ್ನೊಂದರಲ್ಲಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ, ಎತ್ತರವಷ್ಟೇ ಬದಲಾಗುತ್ತದೆ: ಸಿಂಗಲ್, ಹಾಫ್ ಡಬಲ್, ಡಬಲ್, ಟ್ರಿಬಲ್, ಮತ್ತೆ ಅದೇ ಮೆಟ್ಟಿಲಿನಲ್ಲಿ ಇಳಿಯುವುದು. ಮುಂದಿನ ಬಣ್ಣದಲ್ಲಿ ಗಿಡ್ಡದರ ಮೇಲೆ ಉದ್ದ, ಉದ್ದದ ಮೇಲೆ ಗಿಡ್ಡ ಬಂದು ಸಾಲು ನೆಟ್ಟಗಾಗುತ್ತದೆ, ಅಲೆ ಬಣ್ಣದ ಗೆರೆಯಲ್ಲಿ ಮಾತ್ರ ಉಳಿಯುತ್ತದೆ. ಮಗುವಿನ ಹೊದಿಕೆಗೆ ಮೊದಲನೆಯದನ್ನೇ ಆರಿಸಿಕೊಂಡೆ. ತೂತು ಸಣ್ಣದಿರುತ್ತದೆ, ಎಳೆ ಬೆರಳು ಸಿಕ್ಕಿಕೊಳ್ಳುವುದಿಲ್ಲ. ಮಲಗಿರುವ ಕೂಸಿನ ಮೇಲೆ ಮೊದಲ ವರ್ಷ ಸಡಿಲ ಹೊದಿಕೆ ಬೇಡವೆಂದು ವೈದ್ಯರು ಹೇಳುತ್ತಾರೆ. ಇದು ಮಡಿಲಲ್ಲಿ ಎತ್ತಿಕೊಂಡಾಗ ಸುತ್ತುವುದಕ್ಕೆ, ನೆಲದ ಮೇಲೆ ಹಾಸಿ ಆಡಿಸುವುದಕ್ಕೆ. ಮಗಳಿಗೂ ಫೋನಿನಲ್ಲಿ ಹೇಳಿದೆ.

ಜುಲೈ 31, ಗುರುವಾರ

ಬ್ಲೌಸ್ ಕೊಡಲು ಹಿಂದಿನ ಬೀದಿಗೆ ಹೋದವಳು ಕುಚ್ಚು ಹಾಕುವ ಹೆಣ್ಣುಮಗಳ ಮನೆಯಲ್ಲಿ ಕೂತೆ. ಮಂಚದ ಕಾಲಿಗೆ ಸೆರಗು ಬಿಗಿದು, ಕುತ್ತಿಗೆ ಬಗ್ಗಿಸಿ ಹಾಕುತ್ತಿದ್ದಳು. ಪಕ್ಕದಲ್ಲಿ ಇನ್ನೂ ಆರೇಳು ಸೀರೆ. ಎಲ್ಲವೂ ಹಬ್ಬಕ್ಕೆ ಮೊದಲೇ ಬೇಕು. “ಒಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ?” ಎಂದೆ. “ಯಾರು ನೋಡ್ತಾರೆ ಟೀಚರಮ್ಮ? ಅಡುಗೆ ಆದ್ಮೇಲೆ ಕೂತ್ಕೋತೀನಿ, ಮಕ್ಕಳು ಮಲಗಿದ್ಮೇಲೆ ಮತ್ತೆ ಕೂತ್ಕೋತೀನಿ” ಎಂದಳು. ಮಣಿ ಎಷ್ಟು, ಗಂಟು ಎಷ್ಟು, ಎರಡು ಗಂಟಿನ ನಡುವೆ ಎಷ್ಟು ಅಂತರ ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿವೆ. ಅವಳ ಗಂಟೆಗಳು ಮಾತ್ರ ಯಾವ ಲೆಕ್ಕದಲ್ಲೂ ಇಲ್ಲ. ಸೀರೆ ಕಳಿಸುವ ಅಂಗಡಿ ಗಿರಾಕಿಯಿಂದ ಪಡೆಯುವುದೇ ಬೇರೆ, ಇವಳ ಕೈಗೆ ಬರುವುದೇ ಬೇರೆ.

ಮನೆಗೆ ಬಂದರೂ ಅದೇ ಯೋಚನೆ. ಸ್ವೆಟರನ್ನು ಮೆಷೀನ್ ಹೆಣೆಯುತ್ತದೆ. ಆದರೆ ನಿಜವಾದ ಕ್ರೋಶಾವನ್ನು ಕಾರ್ಖಾನೆಗಳು ಇಂದಿಗೂ ಮೆಷೀನಿನಲ್ಲಿ ತೆಗೆಯುತ್ತಿಲ್ಲ. ಜಯನಗರದ ಅಂಗಡಿಯಲ್ಲಿ ಕ್ರೋಶಾ ಕುಪ್ಪಸ ತೂಗಾಡುತ್ತಿದ್ದರೆ ಅದನ್ನು ಹೊಲಿಗೆ ಹೊಲಿಗೆಯಾಗಿ ಎಲ್ಲೋ ಒಂದು ಕೈ ಹಾಕಿದೆ. ಗೋದಾವರಿ ಸೀಮೆಯ ನರಸಾಪುರದ ಲೇಸ್ ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಬರೆದ ಪುಸ್ತಕ ಹೇಳುವುದೂ ಇದನ್ನೇ. ವಿದೇಶಕ್ಕೆ ಹೋಗುವ ಸರಕನ್ನು ಕ್ರೋಶಾದಲ್ಲಿ ಮಾಡಿಕೊಡುವ ಆ ಹೆಂಗಸರನ್ನು ಬಿಡುವಿನ ವೇಳೆ ಕಳೆಯುವ ಗೃಹಿಣಿಯರೆಂದು ಕರೆದುಬಿಟ್ಟರೆ, ಅವರ ದುಡಿಮೆಗೆ ಕೂಲಿಯ ಲೆಕ್ಕವೇ ಇಲ್ಲದಂತಾಗುತ್ತದೆ. ಒಂದು ಕಡೆ ಕೂಡುತ್ತಲೇ ಹೋಗಿ ಇನ್ನೊಂದು ಕಡೆ ಕಳೆಯುತ್ತಲೇ ಹೋದರೆ ಯಾವ ಬಟ್ಟೆಯೂ ನೆಟ್ಟಗೆ ನಿಲ್ಲುವುದಿಲ್ಲ.

ಆಗಸ್ಟ್ 8, ಶುಕ್ರವಾರ. ವರಮಹಾಲಕ್ಷ್ಮಿ

ಅರಿಶಿನ ಕುಂಕುಮಕ್ಕೆ ಬಂದವರ ಸೆರಗುಗಳನ್ನೇ ನೋಡುತ್ತಿದ್ದೆ. ಅವಳು ಹಾಕಿದ ಕುಚ್ಚು ಕೆಲವು ಸೀರೆಗಳಲ್ಲಿ ಗುರುತು ಸಿಕ್ಕಿತು. ಅವಳು ಬಂದದ್ದು ಕತ್ತಲಾದ ಮೇಲೆ, ಹಳೆಯ ಸೀರೆಯಲ್ಲಿ. ತಾಂಬೂಲದ ಜೊತೆ ಒಂದು ಚಿಕ್ಕ ನೋಟುಬುಕ್ಕು ಇಟ್ಟುಕೊಟ್ಟೆ. “ಕೂತಾಗ ಒಂದು ಸಲ, ಎದ್ದಾಗ ಒಂದು ಸಲ ಗಡಿಯಾರ ನೋಡಿ ಬರಿ, ತಾಯಿ” ಎಂದೆ.

ಆಗಸ್ಟ್ 10, ಭಾನುವಾರ

ಮೆಟ್ರೋದ ಹಳದಿ ಮಾರ್ಗದ ಉದ್ಘಾಟನೆಯನ್ನು ಟಿವಿಯಲ್ಲಿ ನೋಡಿದ ಹುಡುಗಿ ತನ್ನ ಮಫ್ಲರಿಗೆ ಬಣ್ಣ ನಿಶ್ಚಯಿಸಿಕೊಂಡು ಬಂದಳು: ನೇರಳೆ, ಹಸಿರು, ಹಳದಿ. ಈಗ ಅಂಚು ನೆಟ್ಟಗಿದೆ. ಪಿನ್ನು ಬೇಕಾಗುತ್ತಿಲ್ಲ, ಕೈಯೇ ಆ ಕುಣಿಕೆಯನ್ನು ಹುಡುಕಿಕೊಳ್ಳುತ್ತದೆ.

ಆಗಸ್ಟ್ 23, ಶನಿವಾರ

ಗೌರಿ ಹಬ್ಬಕ್ಕೆ ಮೂರೇ ದಿನ. ನನ್ನ ಹೊದಿಕೆ ಅರ್ಧ ದಾಟಿದೆ. ಸಂಜೆ ಕುಚ್ಚಿನ ಹೆಣ್ಣುಮಗಳು ಒಂದು ಸೀರೆ ಹಿಡಿದು ಬಂದಳು. ಸೆರಗಿನ ಅಂಚಿಗೆ ನೀಲಿಯ ಮೇಲೆ ಅರಿಶಿನ, ಅದರ ಮೇಲೆ ಹಸಿರು, ಮೂರು ಬಣ್ಣದ ಅಲೆ! ಹೊದಿಕೆಯನ್ನು ನೋಡಿಕೊಂಡು ಹೋದವಳು ತಾನೇ ಯೋಚಿಸಿ ಹಾಕಿದ್ದಾಳೆ. ನನ್ನ ಹಾಗೆ ಕೂಡಿ ಕಳೆದಿದ್ದರೆ ನೆಟ್ಟಗಿರುವ ಸೆರಗು ಸುಕ್ಕಾಗಿ ಎಳೆದುಕೊಳ್ಳುತ್ತಿತ್ತು. ಅದನ್ನು ಅವಳ ಕೈ ಮೊದಲೇ ಅರಿತು ಎರಡನೆಯ ಜಾತಿಯ ಅಲೆಯನ್ನು ಹಿಡಿದಿದೆ. ಬುಡದಲ್ಲಿ ಹೊಲಿಗೆಗಳ ಸಂಖ್ಯೆ ಬದಲಾಗಿಲ್ಲ, ಎತ್ತರ ಮಾತ್ರ ಏರಿ ಇಳಿದಿದೆ. ಸೆರಗಿನ ಅಗಲವನ್ನು ಮೊದಲೇ ಸಮನಾಗಿ ಭಾಗ ಮಾಡಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದಳಂತೆ, ಕೊನೆಯಲ್ಲಿ ಅರ್ಧ ಅಲೆ ಉಳಿಯಬಾರದೆಂದು.

ನೋಟುಬುಕ್ಕನ್ನೂ ತಂದಿದ್ದಳು. ಎಡಗಡೆ ಕೂತ ಹೊತ್ತು, ಬಲಗಡೆ ಎದ್ದ ಹೊತ್ತು, ದುಂಡಗಿನ ಅಕ್ಷರ. ಇಬ್ಬರೂ ಸೇರಿ ಕೂಡಿದೆವು: ಈ ಸೀರೆಗೆ ಒಂಬತ್ತೂವರೆ ಗಂಟೆ. ದಾರದ ದುಡ್ಡು ಕಳೆದು, ಉಳಿದದ್ದನ್ನು ಗಂಟೆಯಿಂದ ಭಾಗಿಸಿದಾಗ ಬಂದ ಮೊತ್ತವನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಪುಸ್ತಕ ಮುಚ್ಚಿ ಹೇಳಿದಳು: “ಇನ್ಮೇಲೆ ಸೀರೆ ತಂದವರಿಗೆ ಮೊದಲು ಗಂಟೆ ಹೇಳ್ತೀನಿ ಟೀಚರಮ್ಮ, ಆಮೇಲೆ ರೇಟು.”