ಬನ್ನು ಬೇಯದ ವಾರ

ಕೊಳ್ಳೇಗಾಲದಲ್ಲಿ ನಮ್ಮದು ಪುಟ್ಟ ಬೇಕರಿ. ಬೆಟ್ಟಕ್ಕೆ ಹೋಗುವ ಮಾದಪ್ಪನ ಭಕ್ತರೇ ಹೆಚ್ಚು ಗಿರಾಕಿಗಳು. ದೀಪಾವಳಿ ಜಾತ್ರೆ ಹತ್ತಿರ ಬಂದಾಗಲೇ ಬನ್ನು ಬಿಳಿಚಿಕೊಂಡು, ಒಳಗೆ ಹಸಿಹಸಿಯಾಗಿ ಬರತೊಡಗಿದವು. ಓವನ್ ಮೀಟರ್ ಮಾತ್ರ 200 ಡಿಗ್ರಿ ತೋರಿಸುತ್ತಿತ್ತು. ಅವ್ವ ಹಿಟ್ಟು ನಾದಿದ್ದೇ ಸರಿಯಿಲ್ಲ ಎಂದುಬಿಟ್ಟೆವು. ಅವ್ವ ಮಾತಾಡಲಿಲ್ಲ, ಹಿಟ್ಟು ಮುಟ್ಟುವುದನ್ನೇ ಬಿಟ್ಟಳು. ರಿಪೇರಿಯವರು ಬೋರ್ಡೇ ಬದಲಿಸಿ ಎಂದರು. ಅಷ್ಟು ದುಡ್ಡಿರಲಿಲ್ಲ.

ಸುಳಿವು ಕಣ್ಣೆದುರೇ ಇತ್ತು. ಬೆಳಿಗ್ಗೆ ತಣ್ಣಗಿರುವ ಓವನ್ ಸ್ವಿಚ್ ಹಾಕಿದ ಕೂಡಲೇ ಮೀಟರ್ 66 ಅನ್ನುತ್ತಿತ್ತು! ಒಳಗಿರುವುದು ಪಿಟಿ-100 ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ ಅದು 100 ಓಮ್. ಕಾವು ಏರಿದಂತೆ ಡಿಗ್ರಿಗೆ ಸುಮಾರು 0.385 ಓಮ್ ಹೆಚ್ಚುತ್ತದೆ. ಕರೆಂಟ್ ಪೂರ್ತಿ ತೆಗೆದು, ವೈರ್ ಬಿಚ್ಚಿ ಮಲ್ಟಿಮೀಟರ್ ಹಿಡಿದೆವು. ಸೆನ್ಸರ್ ಬುಡದಲ್ಲಿ 110, ಸರಿಯೇ. ಬೋರ್ಡಿನ ಕಡೆಯ ವೈರ್ ತುದಿಯಲ್ಲಿ 125. ನಡುವಿನ ಕನೆಕ್ಟರ್ ಕಿಲುಬು ಹಿಡಿದು 15 ಓಮ್ ಸೇರಿಸಿತ್ತು. ಅಂದರೆ ಹತ್ತಿರ ಹತ್ತಿರ 40 ಡಿಗ್ರಿ ಸುಳ್ಳು. ಮೀಟರ್ 200 ಎಂದಾಗ ಒಳಗೆ 160 ಮಾತ್ರ.

ಕನೆಕ್ಟರ್ ಬದಲಿಸಿದೆವು, ಚಿಲ್ಲರೆ ಕಾಸಲ್ಲಿ ಮುಗಿಯಿತು. ಮರುದಿನ ಬೆಳಿಗ್ಗೆ ಮೀಟರ್ 27. ಅವ್ವನನ್ನು ಕರೆದೆವು. "ಈಗ ನನ್ ಕೈ ಸರಿಯಾಯ್ತೇನ್ರಪ್ಪಾ?" ಎಂದಳು, ಹಿಟ್ಟಿನ ಬೇಸಿನ್ ಎಳೆದುಕೊಳ್ಳುತ್ತಾ.